ನಾಲ್ಕು ಗಂಟೆಯ ಹಾಸಿಗೆ

ಹಾಸಿಗೆಯವನು ಬರುವ ಮೊದಲು ಅವನ ಕೆಮ್ಮು ಬರುತ್ತಿತ್ತು. ಇಪ್ಪತ್ತೈದು ವರ್ಷ ಹತ್ತಿ ಹಿಂಜಿದ ಗಂಟಲು. ಮೂಗಿಗೆ ಎಷ್ಟು ಮಡಿಕೆ ಬಟ್ಟೆ ಕಟ್ಟಿಕೊಂಡರೂ ಆ ನವಿರು ಧೂಳು ಒಳಗೆ ಹೋಗಿ ಕೂತೇ ಕೂರುತ್ತದೆ. ಮೊದಲು ಎರಡು ಸಣ್ಣ ಕೆಮ್ಮು, ಸ್ವಲ್ಪ ಬಿಟ್ಟು ಒಂದು ದೊಡ್ಡದು. ಬೀದಿಯ ತಿರುವಿನಲ್ಲಿ ಅದು ಕೇಳಿಸಿದರೆ ಸಾಕು, ಹೆಂಡತಿ ಚಹಾಕ್ಕೆ ನೀರಿಡುತ್ತಿದ್ದಳು, ಪಕ್ಕದ ಬೀಗ ರಿಪೇರಿಯವನು "ಬಂತಪ್ಪ ಸವಾರಿ" ಎನ್ನುತ್ತಿದ್ದ. ಹಾಸಿಗೆಯವನಿಗೆ ಮಾತ್ರ ತನ್ನ ಕೆಮ್ಮಿನ ಮೇಲೆ ಗಮನವೇ ಇರಲಿಲ್ಲ. ನಮ್ಮ ಗೊರಕೆ ನಮಗೆ ಕೇಳಿಸುತ್ತದೆಯೇ, ಹಾಗೆ.

ಕೆಳಗೆ ಅಂಗಡಿ, ಅಂಗಡಿಯ ಹಿಂದೆ ಅಡುಗೆಮನೆ ಮತ್ತು ಗಂಡ ಹೆಂಡಿರ ಕೋಣೆ, ಮರದ ಮೆಟ್ಟಿಲು ಹತ್ತಿದರೆ ಮೇಲೆ ಮಗಳ ಕೋಣೆ. ಇಷ್ಟೇ ಮನೆ. ಅಂಗಡಿಯ ಒಂದು ಮೂಲೆಯಲ್ಲಿ ಹಿಂಜುವ ಯಂತ್ರ, ಇನ್ನೊಂದು ಮೂಲೆಯಲ್ಲಿ ಹಿಂಜಿ ಹಾಕಿದ ಹತ್ತಿಯ ಗುಡ್ಡೆ, ಗೋಡೆಗೆ ಒರಗಿಸಿದ ಬೆತ್ತ, ಕಿಟಕಿಯ ಪಕ್ಕ ಹೆಂಡತಿಯ ಹೊಲಿಗೆ ಯಂತ್ರ. ಅವಳು ಗವಸು ಹೊಲಿದುಕೊಟ್ಟರೆ ಇವನು ಹತ್ತಿ ತುಂಬಿ, ಬೆತ್ತದಿಂದ ಬಡಿದು ಸಮ ಮಾಡಿ, ಗೇಣುದ್ದದ ಸೂಜಿಯಲ್ಲಿ ಟಾಕು ಹಾಕುತ್ತಿದ್ದ. ಕೆಲಸದಲ್ಲಿ ಎರಡು ಮಾತಿಲ್ಲ. ಅದನ್ನು ಅವನ ಹಗೆಯೂ ಒಪ್ಪಬೇಕು.

ಎರಡು ಮಾತಿದ್ದದ್ದು ಅವನ ಬಾಯಲ್ಲಿ. ಬಹಳ ಹಿಂದೆ, ಅಂಗಡಿ ತೆರೆದ ಹೊಸತರಲ್ಲಿ, ರೈಲು ಚಾಲಕನೊಬ್ಬ ಹಾಸಿಗೆ ನೋಡಲು ಬಂದು, "ನನಗೇನಪ್ಪ, ಸಿಗೋದೇ ನಾಲ್ಕು ಗಂಟೆ ನಿದ್ದೆ, ಅದಕ್ಕೆ ಇಷ್ಟು ಒಳ್ಳೆ ಹಾಸಿಗೆ ಯಾಕೆ" ಎಂದಿದ್ದ. ಹಾಸಿಗೆಯವನು ತಡವರಿಸದೆ, "ಅದಕ್ಕೇ ಬೇಕು ಯಜಮಾನ್ರೇ. ನಾನು ಮಾಡಿದ ಹಾಸಿಗೇಲಿ ನಾಲ್ಕು ಗಂಟೆ ಮಲಗಿದ್ರೆ ಬೇರೆ ಹಾಸಿಗೇಲಿ ಎಂಟು ಗಂಟೆ ಮಲಗಿದ ಹಾಗೆ" ಎಂದುಬಿಟ್ಟ. ಚಾಲಕ ನಕ್ಕ, ಹಾಸಿಗೆ ಹೊತ್ತುಕೊಂಡು ಹೋದ. ಮಾತು ಕಚ್ಚಿತು. ಅಲ್ಲಿಂದ ಬಂದವರಿಗೆಲ್ಲ ಅದೇ ಮಾತು. ಕೊನೆಗೆ ಅಂಗಡಿಯ ಹಲಗೆಯ ಮೇಲೂ ಬರೆಸಿದ: ನಾಲ್ಕು ಗಂಟೆ ಮಲಗಿ, ಎಂಟು ಗಂಟೆಯ ಸುಖ. ಸಾವಿರ ಸಲ ಹೇಳಿದರೆ ಸುಳ್ಳೂ ನಿಜವಾಗುತ್ತದಂತೆ. ಗಿರಾಕಿಗಳು ಆ ಮಾತನ್ನು ಎಷ್ಟು ನಂಬಿದರೋ ಗೊತ್ತಿಲ್ಲ, ಹೇಳಿದವನು ಮಾತ್ರ ಪೂರ್ತಿ ನಂಬಿದ.

ಅವನಿಗೆ ಇನ್ನೊಂದು ವಿದ್ಯೆಯಿತ್ತು. ಹಳೆಯ ಹಾಸಿಗೆ ರಿಪೇರಿಗೆ ಬಂದರೆ ಗವಸು ಬಿಚ್ಚಿ, ಒಳಗಿನ ಹತ್ತಿಯ ಮೇಲೆ ಕೈಯಾಡಿಸಿ, ಮಲಗಿದವರ ಜಾತಕ ಹೇಳುತ್ತಿದ್ದ. ಮೈಭಾರ ಬಿದ್ದಲ್ಲಿ ಹತ್ತಿ ರೊಟ್ಟಿಯಂತೆ ಒತ್ತಿಕೊಂಡಿರುತ್ತದೆ, ಬೀಳದಲ್ಲಿ ಹಾಕಿದ ಹಾಗೇ ಉಬ್ಬಿರುತ್ತದೆ. "ನೀವು ಎಡ ಮಗ್ಗುಲಲ್ಲಿ ಮಲಗ್ತೀರಿ. ರಾತ್ರಿ ಎರಡು ಸಲನಾದ್ರೂ ಎದ್ದು ಅಂಚಲ್ಲಿ ಕೂತು ಚಪ್ಪಲಿ ಹುಡುಕ್ತೀರಿ" ಎಂದರೆ ನಿವೃತ್ತ ಪೋಸ್ಟ್‌ಮ್ಯಾನ್ ಬೆರಗಾಗಿ ಬಾಯಿ ತೆರೆದಿದ್ದ. ಇನ್ನೊಬ್ಬ ಗೃಹಸ್ಥನಿಗೆ, "ಮಧ್ಯದಲ್ಲಿ ಇಷ್ಟು ದೊಡ್ಡ ಗುಡ್ಡ ಎದ್ದಿದೆಯಲ್ಲ ಸ್ವಾಮಿ, ಮನೇಲಿ ಮಾತುಕತೆ ನಿಂತು ಎಷ್ಟು ದಿನ ಆಯ್ತು?" ಎಂದು ಕೇಳಿ ತನ್ನ ಹೆಂಡತಿಯಿಂದ ಬೈಸಿಕೊಂಡಿದ್ದ. "ಮನುಷ್ಯ ಸುಳ್ಳು ಹೇಳಬಹುದು ಕಣೇ, ಹಾಸಿಗೆ ಹೇಳಲ್ಲ" ಎನ್ನುವುದು ಅವನ ವಾದ.

ಇಂಥವನಿಗೆ ಒಬ್ಬಳೇ ಮಗಳು. ಹುಟ್ಟಿದಾಗ ಕೈಗೆತ್ತಿಕೊಂಡರೆ ಭಾರವೇ ಇಲ್ಲ, ಹಿಂಜಿದ ಅರಳೆಯಷ್ಟು ಹಗುರ. ಹಾಗಾಗಿ ಅರಳೆ ಎಂದೇ ಕರೆದರು, ಶಾಲೆಯ ಪಟ್ಟಿಯಲ್ಲಿದ್ದ ಹೆಸರು ಪಟ್ಟಿಯಲ್ಲೇ ಉಳಿಯಿತು. ಮಾತಿನ ಮಲ್ಲಿ ಅದು. ಬಾಯಿಗೆ ಬಿಡುವು ಸಿಕ್ಕರೆ ಶಿಳ್ಳೆ. ಮೆಟ್ಟಿಲಿಳಿಯುವಾಗ ಒಂದು ರಾಗ, ಹತ್ತುವಾಗ ಇನ್ನೊಂದು. ಚಿಕ್ಕವಳಿದ್ದಾಗ ಅಂಗಡಿಯ ಹತ್ತಿಯ ಗುಡ್ಡೆಯಲ್ಲಿ ಬಿದ್ದು ನಿದ್ದೆಹೋದರೆ ಪಕ್ಕದಲ್ಲೇ ಯಂತ್ರ ಗಡಗಡ ಎಂದರೂ ಎಚ್ಚರವಾಗುತ್ತಿರಲಿಲ್ಲ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರಲ್ಲ, ಹಾಗೆ. ಎದ್ದಾಗ ಹುಬ್ಬಿನ ಮೇಲೆಲ್ಲ ಹತ್ತಿ, ಪುಟ್ಟ ಮುದುಕಿಯಂತೆ ಕಾಣುತ್ತಿದ್ದಳು. ಅಪ್ಪ ಅವಳನ್ನು ಎಬ್ಬಿಸದೆ, ಅವಳ ಸುತ್ತಲಿನ ಹತ್ತಿಯನ್ನಷ್ಟೇ ಎತ್ತಿಕೊಂಡು ಕೆಲಸ ಮಾಡುತ್ತಿದ್ದ. ಆ ಕಾಲವೂ ಒಂದಿತ್ತು.

ಮಗಳಿಗೆ ಹದಿನೈದು ತುಂಬಿ ಶಾಲೆಯ ಕೊನೆಯ ವರ್ಷ ಬಂದಾಗ ಅಪ್ಪನ ತಲೆಯೊಳಗೆ ಹುಳ ಹೊಕ್ಕಿತು. ಅವನು ಏಳನೆಯ ತರಗತಿಗೇ ಶಾಲೆ ಬಿಟ್ಟು ಬೆತ್ತ ಹಿಡಿದವನು. ಇವಳು ದೊಡ್ಡ ಕಾಲೇಜಿಗೆ ಹೋಗಬೇಕು, ಧೂಳು ಕುಡಿಯಬಾರದು. ಆಸೆಯಲ್ಲಿ ತಪ್ಪಿರಲಿಲ್ಲ. ಬಟ್ಟೆ ಅಂಗಡಿಯ ಯಜಮಾನ ಒಂದು ದಿನ ದಿಂಬಿಗೆಂದು ಬಂದವನು, ಹಿಂದಿನ ವರ್ಷ ಶಾಲೆಗೇ ಮೊದಲು ಬಂದ ತನ್ನ ಮಗನ ಸುದ್ದಿ ತೆಗೆದ. "ಏನಿಲ್ಲಪ್ಪ, ದಿನಾ ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸ್ತಿದ್ದೆ. ಅಷ್ಟೇ ಗುಟ್ಟು." ಹಾಸಿಗೆಯವನಿಗೆ ಗುಟ್ಟು ಸಿಕ್ಕಿಬಿಟ್ಟಿತು. ಹುಡುಗ ಎಷ್ಟು ಗಂಟೆಗೆ ಮಲಗುತ್ತಿದ್ದ ಎಂದು ಕೇಳಬೇಕು ಎಂದು ಅವನಿಗೆ ಹೊಳೆಯಲಿಲ್ಲ. ಅದೊಂದು ಪ್ರಶ್ನೆ ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆ ವಾರವೆಲ್ಲ ಗಿರಾಕಿಗಳ ಕೆಲಸ ಬದಿಗಿಟ್ಟು ಮಗಳಿಗೊಂದು ಹಾಸಿಗೆ ಮಾಡಿದ. ಬೀಜದ ಚೂರಿಲ್ಲದ ಮೊದಲ ದರ್ಜೆಯ ಹತ್ತಿ, ಎರಡು ಸಲ ಹಿಂಜಿದ್ದು. ಅಂಚಿಗೆ ನಾಲ್ಕು ಸಾಲು ಹೊಲಿಗೆ. ತಾನೇ ಹೊತ್ತು ಮೇಲಿನ ಕೋಣೆಯ ಮಂಚದ ಮೇಲೆ ಹಾಸಿ, "ರಾತ್ರಿ ಹನ್ನೆರಡರವರೆಗೆ ಓದು, ಬೆಳಗ್ಗೆ ನಾಲ್ಕಕ್ಕೆ ಏಳು. ಇದರ ಮೇಲೆ ನಾಲ್ಕು ಗಂಟೆ ಸಾಕು" ಎಂದ.

ಅರಳೆ ಹಾಸಿಗೆಯ ಮೇಲೆ ಬಿದ್ದು ಹೊರಳಾಡಿ, "ಅಪ್ಪಾ, ಮೋಡದ ಮೇಲೆ ಬಿದ್ದ ಹಾಗಿದೆ! ಇದರಲ್ಲಿ ಮಲಗಿದ್ರೆ ಏಳೋದು ಹೇಗಪ್ಪ?" ಎಂದು ನಕ್ಕಳು.

"ಎಬ್ಬಿಸೋಕೆ ನಾನಿಲ್ವಾ?" ಎಂದ ಅಪ್ಪ.

ಎಬ್ಬಿಸಿದ. ಬೆಳಗಿನ ನಾಲ್ಕಕ್ಕೆ ಕೆಳಗಿನ ಕೋಣೆಯಲ್ಲಿ ಕೆಮ್ಮು ಏಳುತ್ತಿತ್ತು, ಎರಡು ಸಣ್ಣದು, ಒಂದು ದೊಡ್ಡದು. ಆಮೇಲೆ ಮೆಟ್ಟಿಲ ಮೂರನೆಯ ಹಲಗೆ ಕಿರುಗುಟ್ಟುತ್ತಿತ್ತು. ಆಮೇಲೆ ಬೆತ್ತದ ತುದಿ ಬಾಗಿಲ ಮೇಲೆ ಟಕ್ ಟಕ್. ಹೊಡೆಯಲು ತಂದ ಬೆತ್ತವಲ್ಲ. ಮಗಳ ಮೇಲೆ ಅವನು ಒಂದು ದಿನವೂ ಕೈಯೆತ್ತಿದವನಲ್ಲ. ಆದರೂ ಬೆತ್ತ ಬೆತ್ತವೇ. ಮೊದಲ ತಿಂಗಳು ಅವಳನ್ನು ಎಬ್ಬಿಸಲು ಕಾಲು ಗಂಟೆ ಬೇಕಾಗುತ್ತಿತ್ತು. ಕೂರಿಸಿದರೆ ವಾಲುತ್ತಿದ್ದಳು, ಮುಖಕ್ಕೆ ನೀರು ಹಾಕಿದರೆ ಅಳುತ್ತಿದ್ದಳು. ಎರಡನೆಯ ತಿಂಗಳಿಂದ ಚಮತ್ಕಾರವಾಯಿತು. ಇವನು ಬಾಗಿಲು ತಳ್ಳುವಷ್ಟರಲ್ಲಿ ಅವಳು ಹಾಸಿಗೆಯ ಅಂಚಿನಲ್ಲಿ ಕೂತಿರುತ್ತಿದ್ದಳು, ತೊಡೆಯ ಮೇಲೆ ಪುಸ್ತಕ. "ಎದ್ದಿದ್ದೀನಿ ಅಪ್ಪ, ಎದ್ದಿದ್ದೀನಿ" ಎನ್ನುತ್ತಿದ್ದಳು. ಹಾಸಿಗೆಯವನು ಗಿರಾಕಿಗಳ ಮುಂದೆ ಎದೆಯುಬ್ಬಿಸಿ ಹೇಳಿಕೊಂಡ. "ನಾನು ಕೂಗೋದೇ ಬೇಡ, ಅಷ್ಟರಲ್ಲಿ ಎದ್ದು ಕೂತಿರ್ತಾಳೆ. ಹಾಸಿಗೆಯ ಗುಣ ಸ್ವಾಮಿ ಅದು!"

ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಅವಳ ಕಣ್ಣು ನೋಡಿದ್ರಾ?" ಎಂದಳು.

"ಓದೋ ಮಕ್ಕಳ ಕಣ್ಣು ಹಾಗೇ ಇರೋದು."

"ನೀವು ಎಷ್ಟು ಓದೋ ಮಕ್ಕಳನ್ನ ನೋಡಿದ್ದೀರಿ?"

ಅವನು ಎದ್ದು ಹಿಂಜುವ ಯಂತ್ರ ಚಾಲೂ ಮಾಡಿದ. ಗಡಗಡ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ, ಅದೊಂದು ಅನುಕೂಲ.

ಹೆಂಡತಿಯ ತಂಗಿ ಅರಳೆಯ ಶಾಲೆಯಲ್ಲೇ ನರ್ಸ್. ಒಂಟಿ ಹೆಂಗಸು, ಊರಿನ ಆಚೆ ತುದಿಯಲ್ಲಿ ಒಂದು ಕೋಣೆಯ ಮನೆ. ಭಾನುವಾರ ಮಧ್ಯಾಹ್ನ ಅಕ್ಕನನ್ನು ನೋಡಲು ಬರುತ್ತಿದ್ದಳು. ಒಂದು ಭಾನುವಾರ ಚಹಾದ ಲೋಟ ಕೆಳಗಿಟ್ಟು ನೇರ ಮಾತಿಗೇ ಬಂದಳು.

"ಭಾವ, ಅರಳೆ ಈ ತಿಂಗಳಲ್ಲಿ ಮೂರು ಸಲ ನನ್ನ ಕೋಣೆಗೆ ಬಂದಿದ್ದಾಳೆ. ತಲೆನೋವು, ಹೊಟ್ಟೆನೋವು, ಒಂದಲ್ಲ ಒಂದು. ಮಂಚದ ಮೇಲೆ ಕೂರಿಸಿ ಥರ್ಮಾಮೀಟರ್ ತರೋಷ್ಟರಲ್ಲಿ ನಿದ್ದೆ. ಅವಳಿಗೆ ಬೇರೆ ಯಾವ ಕಾಯಿಲೆನೂ ಇಲ್ಲ, ನಿದ್ದೆ ಇಲ್ಲ ಅಷ್ಟೇ."

"ನಿದ್ದೆ ಯಾಕಿಲ್ಲ? ನಾಲ್ಕು ಗಂಟೆ ಮಲಗ್ತಾಳೆ."

"ಈ ವಯಸ್ಸಿಗೆ ಎಂಟೊಂಬತ್ತು ಗಂಟೆ ಬೇಕು ಭಾವ. ಮೈ ಬೆಳೆಯೋದು ಆಗ, ಮನಸ್ಸು ಹದಕ್ಕೆ ಬರೋದು ಆಗ. ಹಗಲು ಓದಿದ್ದು ತಲೇಲಿ ಕೂರೋದೂ ನಿದ್ದೇಲೇ. ಇನ್ನೊಂದು ಕೇಳಿ. ಈ ವಯಸ್ಸಿನವರಿಗೆ ರಾತ್ರಿ ನಿದ್ದೆ ಹತ್ತೋದೇ ತಡ, ಬೆಳಗ್ಗೆ ಕಣ್ಣು ಬಿಡೋದೂ ತಡ. ಅವರ ಮೈಯೊಳಗಿನ ಗಡಿಯಾರವೇ ಹಾಗೆ. ಸೋಮಾರಿತನ ಅಂತ ತಿಳ್ಕೋಬೇಡಿ."

ಹಾಸಿಗೆಯವನಿಗೆ ನಗು ಬಂತು. "ನರ್ಸಮ್ಮ, ಆ ನಿನ್ನ ಮುರುಕಲು ಸೋಫಾದ ಮೇಲೆ ಎಂಟು ಗಂಟೆ ಬೇಕು, ಒಪ್ಪಿದೆ. ನಾನು ಮಾಡಿದ ಹಾಸಿಗೆ ಲೆಕ್ಕ ಬೇರೆ. ನೀನು ಮಾತ್ರೆ ವಿಷಯ ಹೇಳು, ಕೇಳ್ತೀನಿ. ನಿದ್ದೆ ವಿಷಯ ನನಗೆ ಬಿಡು. ಇಪ್ಪತ್ತೈದು ವರ್ಷದ ಕಸುಬು."

ಅವಳು ಭಾವನನ್ನು ಒಂದು ಗಳಿಗೆ ನೋಡಿದಳು. "ನಿಮ್ಮ ಕಸುಬು ಹಾಸಿಗೆ ಭಾವ" ಎಂದಳು, ಚೀಲ ತೆಗೆದುಕೊಂಡು ಎದ್ದಳು. ದೀಪದ ಬುಡದಲ್ಲೇ ಕತ್ತಲೆ ಎಂದು ಮೆಟ್ಟಿಲ ಬಳಿ ಅಕ್ಕನಿಗೆ ಹೇಳಿದ್ದು ಇವನಿಗೂ ಕೇಳಿಸಿತು. ಕೇಳಿಸದವನಂತೆ ಇದ್ದ.

ಅರಳೆಯ ಶಿಳ್ಳೆ ಯಾವ ದಿನ ನಿಂತಿತು ಎಂದು ಯಾರಿಗೂ ಗೊತ್ತಾಗಲಿಲ್ಲ. ಬಂದ ಸದ್ದು ಗೊತ್ತಾಗುತ್ತದೆ, ಹೋದದ್ದು ಗೊತ್ತಾಗುವುದಿಲ್ಲ. ಮೊದಲು ಮಾತಿಗೆ ಮಾತು ಹೆಣೆಯುತ್ತಿದ್ದ ಹುಡುಗಿ ಈಗ ಕೇಳಿದ್ದಕ್ಕೆ ಹೂಂ, ಉಹೂಂ. ಲೋಟ ಕೈಜಾರಿದರೆ ಗೊಳೋ ಎಂದು ಅಳು. ಉಪ್ಪು ತಾ ಎಂದರೆ ಅಡುಗೆಮನೆಗೆ ಹೋಗಿ ಯಾಕೆ ಬಂದೆ ಎಂದು ನಿಲ್ಲುತ್ತಿದ್ದಳು. ಬಂದ ನೆಗಡಿ ಹೋಗುತ್ತಿರಲಿಲ್ಲ. ಅಂಕಗಳು ಮೇಲೇರುವ ಬದಲು ಕೆಳಗಿಳಿದವು. ಹಾಸಿಗೆಯವನು ಅದಕ್ಕೂ ತನ್ನ ಮದ್ದನ್ನೇ ಅರೆದ: ಭಾನುವಾರ ಒಂದು ದಿನ ಏಳರವರೆಗೆ ಮಲಗಲು ಬಿಡುತ್ತಿದ್ದುದನ್ನೂ ನಿಲ್ಲಿಸಿದ, ಬೆಳಗಿನ ಐದೂವರೆಗೆ ಗಣಿತದ ಟ್ಯೂಷನ್ನಿಗೆ ಹಾಕಿದ. ಬಿದ್ದವರ ಮೇಲೆ ಇನ್ನೊಂದು ಮೂಟೆ ಹೇರಿದ ಹಾಗೆ.

ಆ ದಿನಗಳಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನು ಅವನು ಇವತ್ತಿಗೂ ಯಾರ ಮುಂದೆಯೂ ಹೇಳುವುದಿಲ್ಲ. ಶಾಲೆಯಿಂದ ಬಂದ ಅರಳೆ ಚೀಲವನ್ನೂ ಇಳಿಸದೆ ಅಂಗಡಿಯ ಹತ್ತಿಯ ಗುಡ್ಡೆಗೆ ಒರಗಿದಳು. ಒರಗಿದವಳು ಹಾಗೇ ಮುಳುಗಿದಳು. ಎಷ್ಟೋ ವರ್ಷಗಳ ಮೇಲೆ ಅದೇ ಗುಡ್ಡೆ, ಅದೇ ಹುಬ್ಬು, ಅದೇ ಹತ್ತಿ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವರಲ್ಲೊಬ್ಬ, "ಏನಯ್ಯಾ, ನಾಲ್ಕು ಗಂಟೆ ಹಾಸಿಗೆ ಅಂತೀಯ, ನಿನ್ನ ಮಗಳೇ ತೂಕಡಿಸ್ತಾಳಲ್ಲ!" ಎಂದು ಕಿಚಾಯಿಸಿದ. ಎಲ್ಲರೂ ನಕ್ಕರು. ಹಾಸಿಗೆಯವನ ಮುಖ ಕೆಂಪಾಯಿತು. ಬೆತ್ತ ತೆಗೆದು ಅವಳ ತಲೆಯ ಪಕ್ಕ, ಹತ್ತಿಯ ಮೇಲೆ, ರಪ್ಪನೆ ಬಡಿದ. ಹುಡುಗಿ ಬೆಚ್ಚಿಬಿದ್ದು ಎದ್ದು ನಿಂತಳು. "ಎದ್ದಿದ್ದೀನಿ ಅಪ್ಪ!"

"ನಾಚಿಕೆ ಆಗಲ್ವಾ? ಇಷ್ಟು ಒಳ್ಳೆ ಹಾಸಿಗೆ ಮಾಡಿಕೊಟ್ಟು ನನ್ನ ಮಾನ ತೆಗೀತೀಯಲ್ಲ!"

ಅವಳು ಹುಬ್ಬಿನ ಮೇಲಿನ ಹತ್ತಿಯನ್ನೂ ಒರೆಸಿಕೊಳ್ಳದೆ ಮೆಟ್ಟಿಲು ಹತ್ತಿಹೋದಳು. ಹೊಲಿಗೆ ಯಂತ್ರ ನಿಂತಿತ್ತು. ಹೆಂಡತಿ ಇವನ ಕಡೆ ನೋಡುತ್ತಿದ್ದಳು, ಇವನು ಗಿರಾಕಿಗಳ ಕಡೆ ನೋಡುತ್ತಿದ್ದ.

ಪರೀಕ್ಷೆಗೆ ಹನ್ನೊಂದು ದಿನವಿತ್ತು. ಟ್ಯೂಷನ್ನಿಗೆ ಹೊರಟ ಅರಳೆ ಸೈಕಲ್ಲನ್ನು ನೇರ ಒಯ್ದು, ರಸ್ತೆಯ ಬದಿಗೆ ನಿಲ್ಲಿಸಿದ್ದ ಇಟ್ಟಿಗೆಯ ಗಾಡಿಗೆ ಗುದ್ದಿದಳು. ಎದುರಿಗೆ ಬೇಕರಿಯವನು ಶಟರ್ ಎತ್ತುತ್ತಿದ್ದ. ಆಮೇಲೆ ಅವನೇ ಬಂದು ಹೇಳಿದ. "ಬ್ರೇಕ್ ಹಾಕಲೇ ಇಲ್ಲ ಅಣ್ಣ. ಗಂಟೆನೂ ಹೊಡೀಲಿಲ್ಲ. ನಾನು ನೋಡ್ತಾ ಇದ್ದೆ, ಹುಡುಗಿ ಕಣ್ಣು ಮುಚ್ಚಿತ್ತು. ಸೈಕಲ್ ಮೇಲೆ ನಿದ್ದೆ ಹೋಗಿದ್ದಾಳೆ."

ಬಲಗೈಯ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಗದ್ದಕ್ಕೆ ಐದು ಹೊಲಿಗೆ. ಬರೆಯುವ ಕೈಯೇ ಹೋದ ಮೇಲೆ ಪರೀಕ್ಷೆಯ ಮಾತೆಲ್ಲಿ? ಹಾಸಿಗೆಯವನು ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು, ನಾಚಿಕೆಯಿಲ್ಲದೆ ಮೊದಲು ಪರೀಕ್ಷೆಯ ಬಗ್ಗೆಯೇ ಯೋಚಿಸಿದ. ಹಾಗೆ ಯೋಚಿಸಿದೆನಲ್ಲ ಎಂಬುದು ಆಮೇಲೆ ಅವನನ್ನು ಎಷ್ಟು ಸುಟ್ಟಿತೆಂದರೆ, ಅದನ್ನು ಬರೆಯಲು ನನಗೂ ಮನಸ್ಸಿಲ್ಲ.

ಡಾಕ್ಟರಮ್ಮ ಹೊರಗೆ ಬಂದು ಕೇಳಿದಳು. "ನಿಮ್ಮ ಮಗಳು ರಾತ್ರಿ ಎಷ್ಟು ಹೊತ್ತು ಮಲಗ್ತಾಳೆ?"

"ಯಾಕೆ ಡಾಕ್ಟ್ರೇ?"

"ಮೂಳೆ ಕೂರಿಸಿ ಪ್ಲಾಸ್ಟರ್ ಹಾಕಿದೆವು. ನೋವಿಗೆ ಕೊಟ್ಟ ಔಷಧಿ ಇಷ್ಟು ಹೊತ್ತಿಗೆ ಇಳಿದಿರುತ್ತೆ. ಆದ್ರೂ ಏಳ್ತಾ ಇಲ್ಲ. ತಲೆಗೆ ಏಟು ಬಿದ್ದಿದೆಯೇನೋ ಅಂತ ಚಿತ್ರ ತೆಗೆಸಿ ನೋಡಿದೆವು, ಏನೂ ಇಲ್ಲ. ಹೆಸರು ಕೂಗಿದ್ರೆ ಉತ್ತರ ಕೊಡ್ತಾಳೆ, ಮತ್ತೆ ಮಲಗ್ತಾಳೆ. ಈ ಮಗು ನಿದ್ದೆಗೆ ಹಸಿದಿದೆ."

"ಸಾಧ್ಯವೇ ಇಲ್ಲ" ಎಂದ ಹಾಸಿಗೆಯವನು. "ಅವಳ ಹಾಸಿಗೆ ನಾನೇ ಮಾಡಿದ್ದು."

ಡಾಕ್ಟರಮ್ಮನಿಗೆ ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ಹಾಸಿಗೆಯವನ ಪಕ್ಕದಲ್ಲಿದ್ದ ಅವನ ನಾದಿನಿಯ ಮುಖ ನೋಡಿ ಒಳಗೆ ಹೋದಳು. ಅರಳೆ ಆ ಹಗಲು, ಆ ರಾತ್ರಿ, ಮರುದಿನ ಮಧ್ಯಾಹ್ನದವರೆಗೆ ಮಲಗಿದಳು. ನೋಡಲು ಬಂದ ಬಟ್ಟೆ ಅಂಗಡಿಯ ಯಜಮಾನ ವಿಷಯ ಕೇಳಿ ಹಣೆ ಚಚ್ಚಿಕೊಂಡ. "ಅಯ್ಯೋ, ರಾತ್ರಿ ಹನ್ನೆರಡಕ್ಕೆ ಮಲಗಿಸಿ ನಾಲ್ಕಕ್ಕೆ ಎಬ್ಬಿಸಿದ್ಯಾ? ನಮ್ಮವನು ಏಳೂವರೆಗೆ ಉಂಡು ಎಂಟಕ್ಕೆಲ್ಲ ಬಿದ್ದುಕೊಳ್ತಿದ್ದನಲ್ಲ ಮಾರಾಯ!"

ಹಾಸಿಗೆಯವನು ಆಸ್ಪತ್ರೆಯಿಂದ ನೇರ ಮನೆಗೆ ಬಂದ. ಕೈಗೆ ಏನಾದರೂ ಕೆಲಸ ಬೇಕಿತ್ತು. ಮಗಳು ಮನೆಗೆ ಬರುವಷ್ಟರಲ್ಲಿ ಅವಳ ಹಾಸಿಗೆಯನ್ನು ಬಿಚ್ಚಿ, ಹತ್ತಿಯನ್ನು ಹೊಸದಾಗಿ ಹಿಂಜಿ, ಇನ್ನಷ್ಟು ಮೆತ್ತಗೆ ಮಾಡಿಡೋಣ, ಮುರಿದ ಕೈಗೆ ಆಸರೆಯಾಗಲಿ ಎಂದುಕೊಂಡ. ಮೇಲಿಂದ ಹೊತ್ತು ತಂದು ಅಂಗಡಿಯ ನೆಲದ ಮೇಲೆ ಹಾಸಿ, ಟಾಕು ಕತ್ತರಿಸಿ, ಗವಸು ಬಿಡಿಸಿದ. ರೂಢಿಯ ಪ್ರಕಾರ ಕೈಯಾಡಿಸಿದ.

ಕೈ ನಿಂತಿತು.

ಹತ್ತು ತಿಂಗಳ ಹಾಸಿಗೆ. ತಲೆಯ ಕಡೆ ತಗ್ಗಿರಬೇಕು, ಇಲ್ಲ. ಸೊಂಟದ ಜಾಗದಲ್ಲಿ ಹತ್ತಿ ಒತ್ತಿರಬೇಕು, ಇಲ್ಲ. ನಡುವೆ ಎಲ್ಲವೂ ಅವನು ತುಂಬಿದ ಹಾಗೇ ಉಬ್ಬಿಕೊಂಡಿತ್ತು, ತುಂಬಿ ತಿಂಗಳಾಗಿದೆಯೋ ಇಲ್ಲವೋ ಎನ್ನುವಂತೆ. ಇನ್ನೊಮ್ಮೆ ಕೈಯಾಡಿಸಿದ, ಮತ್ತೊಮ್ಮೆ. ಬಾಗಿಲ ಕಡೆಯ ಅಂಚಿನಲ್ಲಿ ಮಾತ್ರ, ಒಬ್ಬರು ಕೂರುವಷ್ಟು ಅಗಲಕ್ಕೆ, ಹತ್ತಿ ಕಲ್ಲಿನಂತೆ ಗಟ್ಟಿಯಾಗಿತ್ತು. ನಾಲ್ಕು ಸಾಲು ಹೊಲಿಗೆ ಹಾಕಿದ ಅಂಚು ಅಲ್ಲಿ ಕುಸಿದಿತ್ತು. ಪಕ್ಕದಲ್ಲಿ ಒಂದು ಶಾಯಿಯ ಕಲೆ. ಊರವರ ಜಾತಕವನ್ನೆಲ್ಲ ಹಾಸಿಗೆಯಲ್ಲಿ ಓದಿದವನು ತನ್ನ ಮಗಳದ್ದನ್ನು ಅವತ್ತು ಮೊದಲ ಸಲ ಓದಿದ. ಮೊದಲ ತಿಂಗಳ ನಂತರ ಇದರ ಮೇಲೆ ಅವಳು ಮಲಗೇ ಇಲ್ಲ. ಬರೀ ಕೂತಿದ್ದಾಳೆ.

ಮೆಟ್ಟಿಲು ಹತ್ತಿ ಅವಳ ಕೋಣೆಗೆ ಹೋದ. ಮಂಚಕ್ಕೂ ಗೋಡೆಗೂ ನಡುವೆ ಇಕ್ಕಟ್ಟಾದ ಜಾಗ, ಅಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಹಳೆಯ ದುಪ್ಪಟಿ, ದಿಂಬಿನ ಬದಲು ಭೂಗೋಳದ ಪುಸ್ತಕ. ಬರಿಯ ಹಲಗೆಯ ನೆಲ. ಅವನು ಮೆಲ್ಲಗೆ ಅದರ ಮೇಲೆ ಮಲಗಿ ನೋಡಿದ. ಮೂಳೆಗೆ ಒತ್ತುವ ನೆಲ. ಕಿವಿ ಹಲಗೆಗೆ ತಾಗಿತು. ಆಗ ಕೆಳಗಿನ ಅಡುಗೆಮನೆಯಲ್ಲಿ ಹೆಂಡತಿ ಮಾಡುತ್ತಿದ್ದ ಸದ್ದೆಲ್ಲ ಸ್ಪಷ್ಟವಾಗಿ ಕೇಳಿಸಿತು, ಲೋಟ ಇಟ್ಟದ್ದು, ನಲ್ಲಿ ತಿರುಗಿಸಿದ್ದು, ಕೊನೆಗೆ ಅವಳ ನಿಟ್ಟುಸಿರು ಕೂಡ.

ಅವನಿಗೆ ಅರ್ಥವಾಯಿತು. ಆ ಹಾಸಿಗೆಯಲ್ಲಿ ಮಲಗಿದರೆ ಏಳಲಾಗುವುದಿಲ್ಲ. ಎದ್ದಿಲ್ಲದಿದ್ದರೆ ಬೆತ್ತ ಬರುತ್ತದೆ. ಅದಕ್ಕೇ ಗಟ್ಟಿ ನೆಲದ ಮೇಲೆ, ಕಿವಿಯನ್ನು ಹಲಗೆಗಿಟ್ಟು, ಕೆಮ್ಮಿಗಾಗಿ ಕಾಯುತ್ತಾ ಮಲಗುತ್ತಿದ್ದಳು. ಎರಡು ಸಣ್ಣ ಕೆಮ್ಮು ಕೇಳಿದೊಡನೆ ಮೈ ಹಾಸಿಗೆಯ ಅಂಚಿಗೆ, ಪುಸ್ತಕ ತೊಡೆಗೆ. ಆ ನಾಲ್ಕು ಗಂಟೆಯನ್ನೂ ಅವಳು ಅರ್ಧ ಎಚ್ಚರದಲ್ಲೇ ಕಳೆದಿದ್ದಳು. ಹಾಸಿಗೆಯ ಗುಣ ಸ್ವಾಮಿ ಎಂದು ಇವನು ಊರಿಗೆಲ್ಲ ಸಾರಿದ್ದು ಇದನ್ನೇ.

ಕೆಳಗಿಳಿದು ಹೆಂಡತಿಯನ್ನು ಕೇಳಿದ. "ಅವಳು ನೆಲದ ಮೇಲೆ ಮಲಗ್ತಾ ಇದ್ದದ್ದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಎರಡು ಸಲ ನಿಮಗೆ ಹೇಳಿದೆ."

"ಯಾವಾಗ ಹೇಳಿದ್ದೆ?"

"ನೀವು ಯಂತ್ರ ಹಾಕಿಕೊಂಡಿದ್ರಿ" ಎಂದಳು. ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ನಿಲ್ಲಿಸಿ ಹೇಳಬೇಕಿತ್ತು ನಾನು" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂಗಡಿಯ ನೆಲದ ಮೇಲೆ ಬಿಚ್ಚಿಟ್ಟ ಹಾಸಿಗೆಯ ಎರಡು ಕಡೆ ಇಬ್ಬರೂ ಕೂತು ಅತ್ತರು. ಗಿರಾಕಿ ಒಬ್ಬ ಬಾಗಿಲವರೆಗೆ ಬಂದು ಹಾಗೇ ವಾಪಸು ಹೋದ.

ಮರುದಿನವೇ ಹಾಸಿಗೆಯವನು ಏಣಿ ಹಾಕಿ ಅಂಗಡಿಯ ಹಲಗೆಯ ಬರಹಕ್ಕೆ ಸುಣ್ಣ ಬಳಿದ. ಬೆತ್ತವನ್ನು ಮೆಟ್ಟಿಲಿನ ಕಡೆಯಿಂದ ತೆಗೆದು ಹಿತ್ತಲಿಗೆ ಒಯ್ದಿಟ್ಟ. ಮಗಳು ಮನೆಗೆ ಬಂದಾಗ ಎದುರಿಗೆ ಕೂತು, ತಡವರಿಸುತ್ತಾ, "ಇನ್ನು ನಿನ್ನನ್ನ ಯಾರೂ ಎಬ್ಬಿಸಲ್ಲಮ್ಮ. ಎಷ್ಟು ಹೊತ್ತು ಬೇಕೋ ಅಷ್ಟು ಮಲಗು. ಪರೀಕ್ಷೆ ಮುಂದಿನ ವರ್ಷ ಬರೆದರಾಯ್ತು. ತಪ್ಪು ನನ್ನದು" ಎಂದ. ಅರಳೆ ತಲೆಯಾಡಿಸಿದಳು. ಅಪ್ಪ ತಪ್ಪೊಪ್ಪಿಕೊಂಡದ್ದನ್ನು ಅವಳು ಹಿಂದೆ ನೋಡಿರಲಿಲ್ಲ. ಅವಳಿಗೆ ಅದರಿಂದಲೂ ಭಯವೇ ಆಯಿತೇನೋ.

ಅಪ್ಪ ಎಬ್ಬಿಸಲಿಲ್ಲ. ಆದರೂ ನಾಲ್ಕಕ್ಕೆ ಮೇಲಿನ ಕೋಣೆಯಲ್ಲಿ ಮಂಚ ಕಿರುಗುಟ್ಟುತ್ತಿತ್ತು. ಹಾಸಿಗೆಯವನು ಕೆಳಗೆ ಕಣ್ಣು ಬಿಟ್ಟುಕೊಂಡು ಮಲಗಿ, ಕೆಮ್ಮು ಬಂದರೆ ದಿಂಬಿಗೆ ಮುಖವೊತ್ತಿ ಅಲ್ಲೇ ಅದುಮಿಕೊಳ್ಳುತ್ತಿದ್ದ. ಏನೂ ಪ್ರಯೋಜನವಾಗಲಿಲ್ಲ. ಕೆಮ್ಮು ಬಂದರೂ ಏಳುತ್ತಿದ್ದಳು, ಬರದಿದ್ದರೆ ಯಾಕೆ ಬರಲಿಲ್ಲ ಎಂದು ಏಳುತ್ತಿದ್ದಳು. ಒಂದು ತಿಂಗಳು ಹೀಗೇ ನಡೆಯಿತು. ಗಾಯ ಮಾಯಿತು, ಕಣ್ಣಿನ ಕೆಳಗಿನ ಕಪ್ಪು ಹೋಗಲಿಲ್ಲ.

ಒಂದು ಶನಿವಾರ ಚಿಕ್ಕಮ್ಮನ ಮನೆಗೆ ಹೋದವಳು ಅಲ್ಲೇ ಉಳಿದಳು. ಭಾನುವಾರ ಮಧ್ಯಾಹ್ನ ನಾದಿನಿ ಒಬ್ಬಳೇ ಬಂದಳು. "ಒಂಬತ್ತೂವರೆ ಗಂಟೆ ಮಲಗಿದಳು ಭಾವ. ಆ ಸೋಫಾದ ಮೇಲೆ." ಚುಚ್ಚಲೆಂದು ಹೇಳಿದ್ದಲ್ಲ. ಆದರೂ ಚುಚ್ಚಿತು. ಸ್ಪ್ರಿಂಗು ಹೊರಗೆ ಬಂದ, ಕಾಲಿನ ಬದಲು ಇಟ್ಟಿಗೆ ಕೊಟ್ಟ ಸೋಫಾ ಅದು. ಹಸಿವು ರುಚಿಯನ್ನರಿಯದು, ನಿದ್ದೆ ಸುಖವನ್ನರಿಯದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹಾಸಿಗೆಯವನ ಅಂಗಡಿಗೆ ಮಾತ್ರ ಆ ಗಾದೆ ಬೇಕಿರಲಿಲ್ಲ, ಹಾಗಾಗಿ ಮರೆತಿದ್ದ.

ನಾದಿನಿ ಕೇಳುವ ಮೊದಲೇ ಅವನು ಹೇಳಿದ. "ಅವಳು ನಿನ್ನ ಹತ್ತಿರವೇ ಇರಲಿ. ಮುಂದಿನ ಪರೀಕ್ಷೆ ಮುಗಿಯೋವರೆಗೆ." ಹೆಂಡತಿ ಎದ್ದು ಮಗಳ ಬಟ್ಟೆ ಮಡಚತೊಡಗಿದಳು. ಅವಳು ಒಂದು ವಾರದಿಂದ ಅದನ್ನೇ ಕಾಯುತ್ತಿದ್ದಳು.

ಅರಳೆ ಬಟ್ಟೆ ಪುಸ್ತಕ ಒಯ್ಯಲು ಬಂದ ದಿನ ಅಪ್ಪ ಅವಳ ಹಾಸಿಗೆಯನ್ನು ಸುತ್ತಿ, ಹಗ್ಗ ಕಟ್ಟಿ, ಬಾಗಿಲಲ್ಲಿ ಇಟ್ಟಿದ್ದ. ಮತ್ತೆ ಹಿಂಜಿದ ಹತ್ತಿ, ಹೊಸ ಗವಸು, ಕುಸಿದ ಅಂಚನ್ನೂ ಸರಿಮಾಡಿದ್ದ. "ಇದನ್ನ ನಾನೇ ಹೊತ್ತು ತಂದು ಹಾಕಿಕೊಡ್ತೀನಿ. ಆ ಸೋಫಾದ ಸ್ಪ್ರಿಂಗು ಚುಚ್ಚುತ್ತೆ" ಎಂದ.

ಅವಳು ಹಾಸಿಗೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ನೋಯಿಸಬಾರದೆಂದು ಪದ ಹುಡುಕಿದಳು. ಸಿಗಲಿಲ್ಲ.

"ಹಾಸಿಗೆ ಬೇಡ ಅಪ್ಪ."

"ಆಗಲಿ" ಎಂದ ಹಾಸಿಗೆಯವನು. ಮಗಳನ್ನು ಕರೆದೊಯ್ದ ಗಾಡಿ ತಿರುವು ದಾಟುವವರೆಗೆ ಬಾಗಿಲಲ್ಲಿ ನಿಂತಿದ್ದ. ಆಮೇಲೆ ಆ ಹಾಸಿಗೆಯನ್ನು ಮಾರಲೂ ಇಲ್ಲ, ಬಿಚ್ಚಲೂ ಇಲ್ಲ. ಅದು ಈಗಲೂ ಮೇಲಿನ ಕೋಣೆಯಲ್ಲಿ ಸುತ್ತಿಟ್ಟ ಹಾಗೇ ಇದೆ.

ಮೂರು ತಿಂಗಳಾದ ಮೇಲೆ ನಾದಿನಿ ಸುದ್ದಿ ತಂದಳು. ಅರಳೆ ಈಗ ಹತ್ತಕ್ಕೆ ಮಲಗಿ ಏಳಕ್ಕೆ ಏಳುತ್ತಾಳೆ, ರಜೆಯಿದ್ದರೆ ಎಂಟಕ್ಕೆ. ಓದಿದ್ದು ನೆನಪಿರುತ್ತದೆ. ಮೊನ್ನೆ ಪಾತ್ರೆ ತೊಳೆಯುವಾಗ ಶಿಳ್ಳೆ ಹಾಕಿದಳು. ಹಾಸಿಗೆಯವನಿಗೆ ಆ ಶಿಳ್ಳೆಯ ಮಾತು ಕೇಳಿ ತಡೆಯಲಾಗಲಿಲ್ಲ. ಮುಂದಿನ ರಜೆಯ ದಿನ ಬೆಳಗ್ಗೆ ಏಳೂವರೆಗೆ, ಬೇಕರಿಯಿಂದ ಬಿಸಿ ಬ್ರೆಡ್ಡು ಕಟ್ಟಿಸಿಕೊಂಡು, ಊರಿನ ಆಚೆ ತುದಿಗೆ ನಡೆದ.

ನಾದಿನಿ ಬಾಗಿಲು ತೆರೆದು ತುಟಿಯ ಮೇಲೆ ಬೆರಳಿಟ್ಟಳು. ಚಪ್ಪಲಿ ಹೊರಗೆ ಬಿಟ್ಟು ಅವನು ಹೊಸ್ತಿಲಲ್ಲೇ ನಿಂತ. 

ಸೋಫಾದ ಮೇಲೆ ಅರಳೆ ಮಲಗಿದ್ದಳು. ಒಂದು ಕಾಲು ನೆಲಕ್ಕೆ ಇಳಿಬಿದ್ದಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಕೂದಲು ಮುಖದ ತುಂಬ. ಮುರಿದಿದ್ದ ಕೈ ಎದೆಯ ಮೇಲೆ ಏರುತ್ತಿತ್ತು, ಇಳಿಯುತ್ತಿತ್ತು. ಕಿಟಕಿಯ ಬಿಸಿಲು ಕತ್ತಿನವರೆಗೆ ಬಂದಿದ್ದರೂ ಅವಳಿಗೆ ಪರಿವೆಯಿಲ್ಲ. ಅವಳು ಮಲಗಿದ್ದನ್ನು ಅವನು ನೋಡಿ ಎಷ್ಟು ಕಾಲವಾಗಿತ್ತು! ಮೊದಲ ತಿಂಗಳು ಬಿಟ್ಟರೆ, ದಿನವೂ ಬಾಗಿಲು ತಳ್ಳಿದವನು ಒಂದು ದಿನವೂ ಇದನ್ನು ಕಂಡಿರಲಿಲ್ಲ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಕಂಡದ್ದು ಸೋತು ಬಿದ್ದ ಮೈ. ಇದು ನಿದ್ದೆ. ಹತ್ತಿಯ ಗುಡ್ಡೆಯ ಆ ಪುಟ್ಟ ಮುದುಕಿಯೇ ಇಲ್ಲಿ ಮಲಗಿದ್ದಾಳೆ ಅನ್ನಿಸಿತು. ಇನ್ನೊಂದು ನಿಮಿಷ ನೋಡಿ ಹೋಗೋಣ, ಬ್ರೆಡ್ಡು ಇಟ್ಟು ಸದ್ದಿಲ್ಲದೆ ಹೋಗೋಣ ಎಂದುಕೊಂಡ.

ಗಂಟಲಲ್ಲಿ ಕೆರೆತ ಎದ್ದಿತು.

ಬಾಯಿಗೆ ಅಂಗೈ ಒತ್ತಿದ. ಉಸಿರು ಬಿಗಿಹಿಡಿದ. ಕಣ್ಣಲ್ಲಿ ನೀರು ತುಂಬಿತು. ಹೊರಗೆ ಓಡೋಣವೆಂದು ತಿರುಗುವಷ್ಟರಲ್ಲಿ ಇಪ್ಪತ್ತೈದು ವರ್ಷದ ಹತ್ತಿ ಅವನನ್ನು ಮೀರಿ ಬಂತು. ಎರಡು ಸಣ್ಣದು. ಒಂದು ದೊಡ್ಡದು.

ಅರಳೆ ಎದ್ದು ಕೂತಿದ್ದಳು. ಬೆನ್ನು ನೆಟ್ಟಗೆ, ಕಣ್ಣು ಇನ್ನೂ ಮುಚ್ಚಿಯೇ ಇತ್ತು. ವಾಸಿಯಾದ ಕೈ ಸೋಫಾದ ಮೇಲೆ ಪುಸ್ತಕಕ್ಕಾಗಿ ತಡಕಾಡುತ್ತಿತ್ತು.

"ಎದ್ದಿದ್ದೀನಿ ಅಪ್ಪ" ಎಂದಳು. "ಎದ್ದಿದ್ದೀನಿ."